ಓದುಗರ ಪ್ರಶ್ನೆ: ಹಳೇ ಕಾರಿನ ಡೈನಮೊ ಕೆಟ್ಟಿದೆಯೋ, ಕಟೌಟೋ?

ಪ್ರಶ್ನೆ: ನಮ್ಮದು 1960ರ ಮೋರಿಸ್ ಮೈನರ್. ಎಷ್ಟೇ ಆಕ್ಸಿಲರೇಟರ್ ಕೊಟ್ಟರೂ ಚಾರ್ಜಿಂಗ್‌ನ ಕೆಂಪು ದೀಪ ಆರುವುದಿಲ್ಲ. ಒಬ್ಬ ಎಲೆಕ್ಟ್ರಿಷಿಯನ್ ಬ್ಯಾಟರಿ ಚಾರ್ಜ್ ಮಾಡುವ ಡೈನಮೊವನ್ನು ರಿವೈಂಡ್ ಮಾಡಿಸಿ (ಹೊಸ ತಂತಿ ಸುತ್ತಿಸಿ) ಅಂತಾರೆ, ಇನ್ನೊಬ್ಬರು ಡೈನಮೊ ಮತ್ತು ಬ್ಯಾಟರಿ ನಡುವಿನ ಕಟೌಟ್ ಬದಲಾಯಿಸಿ ಅಂತಾರೆ. ಯಾರ ಮಾತು ಕೇಳಬೇಕು?
– ಓದುಗರೊಬ್ಬರು, ಹಾಸನ

ಉತ್ತರ: ಸದ್ಯಕ್ಕೆ ಇಬ್ಬರದೂ ಬೇಡ. ಒಂದು ವೋಲ್ಟ್‌ಮೀಟರ್, ಗೇಣುದ್ದ ವೈರ್ ಇದ್ದರೆ ದೋಷ ಯಾವ ಕಡೆ ಇದೆಯೆಂದು ನೀವೇ ಪತ್ತೆ ಹಚ್ಚಬಹುದು. ಮೀಟರ್ ಮುಳ್ಳಿನದಾದರೆ ಒಳ್ಳೆಯದು. ಡೈನಮೊ ಮುಂದೆ ಡಿಜಿಟಲ್ ಮೀಟರಿನ ಅಂಕಿಗಳು ಕುಣಿಯುತ್ತವೆ.

ಮೊದಲು ಬೆಲ್ಟ್ ನೋಡಿ. ಉದ್ದನೆಯ ಭಾಗದ ನಡುವೆ ಬೆರಳಲ್ಲಿ ಒತ್ತಿದಾಗ ಸುಮಾರು ಅರ್ಧ ಇಂಚು ತಗ್ಗಬೇಕು. ಅದಕ್ಕಿಂತ ಸಡಿಲವಿದ್ದರೆ ಜಾರುತ್ತದೆ.

ನಿಮ್ಮ ಲ್ಯೂಕಾಸ್ ಡೈನಮೊದಲ್ಲಿ ಎರಡು ಟರ್ಮಿನಲ್ ಇವೆ. ದೊಡ್ಡದು ‘ಡಿ’: ಆರ್ಮೇಚರ್‌ನಲ್ಲಿ (ಒಳಗೆ ತಿರುಗುವ ತಂತಿ ಸುತ್ತಿದ ಭಾಗ) ಹುಟ್ಟಿದ ಕರೆಂಟು ಕಾರ್ಬನ್ ಬ್ರಷ್ ಮೂಲಕ ಹೊರಬರುವುದು ಇಲ್ಲಿ. ಚಿಕ್ಕದು ‘ಎಫ್’: ಕಾಂತಕ್ಷೇತ್ರ ಹುಟ್ಟಿಸುವ ಫೀಲ್ಡ್ ಕಾಯಿಲ್‌ಗೆ ಕರೆಂಟು ಹೋಗುವುದು ಇಲ್ಲಿಂದ, ಕಾಯಿಲ್‌ನ ಇನ್ನೊಂದು ತುದಿ ಒಳಗೇ ಬಾಡಿಗೆ ಅರ್ತ್ ಆಗಿರುತ್ತದೆ. ಎರಡೂ ವೈರ್ ಕಳಚಿ, ಡಿ ಮತ್ತು ಎಫ್ ಟರ್ಮಿನಲ್‌ಗಳನ್ನು ಆ ತುಂಡು ವೈರಿನಿಂದ ಜೋಡಿಸಿ. ಮೀಟರಿನ ಒಂದು ತುದಿ ಆ ವೈರಿಗೆ, ಇನ್ನೊಂದು ಡೈನಮೊ ಬಾಡಿಗೆ. ಪಾಸಿಟಿವ್ ಅರ್ತ್ (ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರಿದ) ಗಾಡಿಯಾದ್ದರಿಂದ ಬಾಡಿಗೆ ಪ್ಲಸ್ ತುದಿ ಕೊಡಿ. ಇಂಜಿನ್ ಸ್ಟಾರ್ಟ್ ಮಾಡಿ ಐಡ್ಲಿಂಗ್‌ನಿಂದ ನಿಧಾನವಾಗಿ ವೇಗ ಏರಿಸಿ. ಮುಳ್ಳು ತಡವರಿಸದೆ ಸರಸರ ಏರಬೇಕು. 20 ವೋಲ್ಟ್ ಮುಟ್ಟಲು ಬಿಡಬೇಡಿ, ರೇಸ್ ಮಾಡಲೇಬೇಡಿ. ಈಗ ಅದಕ್ಕೆ ಕಡಿವಾಣವೇ ಇಲ್ಲ, ಕಾಯಿಲ್ ಸುಟ್ಟುಹೋದೀತು.

ಮುಳ್ಳು ಅಲ್ಲಾಡದಿದ್ದರೆ ಬ್ರಷ್ ಸವೆದಿದೆ ಇಲ್ಲವೇ ಹೋಲ್ಡರ್‌ನಲ್ಲಿ ಸಿಕ್ಕಿಕೊಂಡಿದೆ. ಅರ್ಧದಿಂದ ಒಂದು ವೋಲ್ಟ್‌ಗೇ ನಿಂತರೆ ಫೀಲ್ಡ್ ಕಾಯಿಲ್ ಮೇಲೆ ಅನುಮಾನ: ಎಫ್ ಮತ್ತು ಬಾಡಿ ನಡುವೆ ಸುಮಾರು 6 ಓಮ್ ತೋರಿಸಬೇಕು. ಐದಾರು ವೋಲ್ಟ್‌ಗೆ ನಿಂತರೆ ಆರ್ಮೇಚರ್. ಆಗ ಮಾತ್ರ ರಿವೈಂಡಿಂಗ್ ಮಾತೆತ್ತಿ. ಬಿಚ್ಚಿದಾಗ ಕಮ್ಯುಟೇಟರನ್ನು (ಬ್ರಷ್ ಉಜ್ಜುವ ತಾಮ್ರದ ಭಾಗ) ಪೆಟ್ರೋಲ್ ಬಟ್ಟೆಯಿಂದ ಒರೆಸಿ. ಕಪ್ಪು ಹೋಗದಿದ್ದರೆ ನುಣ್ಣನೆಯ ಗ್ಲಾಸ್ ಪೇಪರ್ ಆಡಿಸಿ, ಎಮರಿ ಪೇಪರ್ ಬೇಡವೇ ಬೇಡ. ಹಿಂಬದಿಯ ಬುಷ್‌ಗೆ ಕೆಲವೇ ಹನಿ ಇಂಜಿನ್ ಆಯಿಲ್ ಸಾಕು. ಧಾರಾಳವಾಗಿ ಬಿಟ್ಟರೆ ಅದು ಬ್ರಷ್ ಮೇಲೇ ಇಳಿಯುತ್ತದೆ.

ವೋಲ್ಟ್ ಸರಿಯಾಗಿ ಏರಿತೇ? ಹಾಗಾದರೆ ಡೈನಮೊ ಗಟ್ಟಿ. ಇನ್ನುಳಿದದ್ದು ವೈರಿಂಗ್ ಮತ್ತು ಕಂಟ್ರೋಲ್ ಬಾಕ್ಸ್. ನಮ್ಮ ಗ್ಯಾರೇಜುಗಳಲ್ಲಿ ಇಡೀ ಬಾಕ್ಸಿಗೆ ‘ಕಟೌಟ್’ ಅಂದುಬಿಡುತ್ತಾರೆ, ಆದರೆ ಒಳಗಿರುವುದು ಎರಡು ರಿಲೇ (ಕರೆಂಟಿನಿಂದ ತಾನೇ ಕೆಲಸ ಮಾಡುವ ಸ್ವಿಚ್). ಫೀಲ್ಡ್ ಕರೆಂಟನ್ನು ಹೆಚ್ಚು ಕಡಿಮೆ ಮಾಡುವುದು ರೆಗ್ಯುಲೇಟರ್. ಡೈನಮೊ ಸುಮಾರು 13 ವೋಲ್ಟ್ ತಲುಪಿದ ಮೇಲಷ್ಟೇ ಬ್ಯಾಟರಿಗೆ ದಾರಿ ತೆರೆಯುವುದು, ಇಂಜಿನ್ ನಿಂತಾಗ ಬ್ಯಾಟರಿ ಕರೆಂಟು ವಾಪಸ್ ಹರಿಯದಂತೆ ತಡೆಯುವುದು ಕಟೌಟ್. ರೆಗ್ಯುಲೇಟರ್ ಪಾಯಿಂಟನ್ನು (ಕೂಡಿ ಬಿಡುವ ಲೋಹದ ತುದಿ) ನುಣುಪಾದ ಕಾರ್ಬೊರಂಡಮ್ ಕಲ್ಲಿನಿಂದ ಉಜ್ಜಬಹುದು. ಕಟೌಟ್ ಪಾಯಿಂಟ್ ಮೆತ್ತನೆಯದು. ನಡುವೆ ಗ್ಲಾಸ್ ಪೇಪರ್ ಪಟ್ಟಿ ಇಟ್ಟು ಎಳೆದರೆ ಸಾಕು. ಬ್ಯಾಟರಿ ವೈರ್ ತೆಗೆದ ಮೇಲೆಯೇ ಮುಚ್ಚಳಕ್ಕೆ ಕೈ ಹಾಕಿ.

ಬಾಕ್ಸಿನ ‘ಇ’ ಟರ್ಮಿನಲ್‌ನ ಕಪ್ಪು ವೈರನ್ನೂ ಬಿಗಿ ಮಾಡಿ. ಆ ಅರ್ತ್ ಕಳಚಿದರೆ ರೆಗ್ಯುಲೇಟರ್ ಕೆಲಸ ನಿಲ್ಲಿಸಿ ವೋಲ್ಟೇಜ್ ಹತೋಟಿ ತಪ್ಪುತ್ತದೆ. ಸೆಟ್ಟಿಂಗ್ ಸ್ಕ್ರೂ ಮುಟ್ಟುವುದು ಕಟ್ಟಕಡೆಗೆ. ಎಷ್ಟೋ ಒಳ್ಳೆಯ ಬಾಕ್ಸುಗಳು ಕೆಟ್ಟಿರುವುದೇ ಆ ಸ್ಕ್ರೂ ತಿರುಗಿಸಿ.

ಪ್ರಶ್ನೆ: ಹೊಸ ಸ್ಟೀರಿಯೊ ಹಾಕಲು ಗಾಡಿಯನ್ನು ನೆಗೆಟಿವ್ ಅರ್ತ್ ಮಾಡಬೇಕಂತೆ. ಬ್ಯಾಟರಿ ತಿರುಗಿಸಿ ಇಟ್ಟರೆ ಮುಗಿಯಿತೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಇಲ್ಲ, ಡೈನಮೊವನ್ನು ಪೋಲರೈಸ್ ಮಾಡಬೇಕು, ಅಂದರೆ ಅದರ ಪ್ಲಸ್ ಮೈನಸ್ಸನ್ನೂ ಅದಲು ಬದಲು ಮಾಡಬೇಕು. ಅದರ ಕಬ್ಬಿಣದಲ್ಲಿ ಉಳಿದಿರುವ ಅಲ್ಪ ಕಾಂತತ್ವವೇ ಪ್ಲಸ್ ಯಾವುದು, ಮೈನಸ್ ಯಾವುದು ಎಂದು ನಿರ್ಧರಿಸುವುದು. ಅದು ಹಳೇ ದಿಕ್ಕಿನಲ್ಲೇ ಇದ್ದು ಇಂಜಿನ್ ಓಡಿದರೆ, ಕಟೌಟ್ ಪಾಯಿಂಟ್‌ಗಳು ಕೂಡಿದ ಕ್ಷಣ ಡೈನಮೊ ಮತ್ತು ಬ್ಯಾಟರಿ ವೋಲ್ಟೇಜ್ ಒಂದಕ್ಕೊಂದು ಸೇರಿ ಅವು ಬೆಸೆದುಕೊಳ್ಳುತ್ತವೆ.

ಬ್ಯಾಟರಿ ತಿರುಗಿಸಿ ಜೋಡಿಸಿದ ಮೇಲೆ, ಇಂಜಿನ್ ನಿಂತಿರುವಾಗ, ಎಫ್ ವೈರನ್ನು ಡೈನಮೊದಿಂದ ಕಳಚಿ. ಅರ್ತ್ ಅಲ್ಲದ ಬ್ಯಾಟರಿ ತುದಿಯಿಂದ, ಅಂದರೆ ಈಗಿನ ಪ್ಲಸ್‌ನಿಂದ, ಒಂದು ವೈರ್ ತಂದು ಡೈನಮೊದ ಎಫ್ ಟರ್ಮಿನಲ್‌ಗೆ ಎರಡು ಮೂರು ಸಲ ಕ್ಷಣಮಾತ್ರ ತಾಗಿಸಿ. ಸಣ್ಣ ಕಿಡಿ ಬರುವುದು ಸಹಜ. ಡಿ ಟರ್ಮಿನಲ್‌ಗೆ ತಾಗಿಸಬೇಡಿ. ಇಗ್ನಿಷನ್ ಕಾಯಿಲ್‌ನ ಎರಡು ಚಿಕ್ಕ ವೈರ್‌ಗಳನ್ನೂ ಅದಲು ಬದಲು ಮಾಡಿ. ಆಮೀಟರ್ ಹಾಕಿಸಿದ್ದರೆ ಅದರದ್ದೂ ಹಾಗೆಯೇ. ಸೆಲ್ಫ್ ಮೋಟಾರ್ ಮೊದಲಿನ ದಿಕ್ಕಿನಲ್ಲೇ ತಿರುಗುತ್ತದೆ, ಅದರ ಚಿಂತೆ ಬೇಡ.

ರೇಡಿಯೊ ಗರಗರ ತಡೆಯಲು ಕಂಡೆನ್ಸರ್ ಹಾಕುವುದಾದರೆ ಡಿ ಮತ್ತು ಅರ್ತ್ ನಡುವೆ ಹಾಕಿಸಿ. ಎಫ್‌ಗೆ ಹಾಕಿದರೆ ರೆಗ್ಯುಲೇಟರ್ ಪಾಯಿಂಟ್ ಸುಡುತ್ತದೆ.

ಪ್ರಶ್ನೆ: ಸಿಗ್ನಲ್‌ನಲ್ಲಿ ನಿಂತಾಗ ಕೆಂಪು ದೀಪ ಮಿಣುಕುತ್ತದೆ, ಹೊರಟ ಕೂಡಲೇ ಆರುತ್ತದೆ. ರಿಪೇರಿ ಬೇಕೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬೇಡ. ಐಡ್ಲಿಂಗ್‌ನಲ್ಲಿ ಡೈನಮೊಗೆ ಬ್ಯಾಟರಿಯಷ್ಟು ವೋಲ್ಟ್ ಕೊಡಲು ಆಗುವುದಿಲ್ಲ. ದೀಪದ ಒಂದು ತುದಿ ಡೈನಮೊಗೆ, ಇನ್ನೊಂದು ಇಗ್ನಿಷನ್ ಸ್ವಿಚ್ ಮೂಲಕ ಬ್ಯಾಟರಿಗೆ ಸೇರಿದೆ; ಎರಡು ಕಡೆ ವೋಲ್ಟ್ ಸಮವಾದರೆ ಆರುತ್ತದೆ, ಅಷ್ಟೇ. ಓಡುವಾಗಲೂ ಮಂಕಾಗಿ ಉರಿದರೆ ಮಾತ್ರ ಕಟೌಟ್ ಪಾಯಿಂಟ್, ಬಾಕ್ಸಿನ ಸ್ಕ್ರೂಗಳನ್ನು ನೋಡಿಸಿ.