ಊರು ಆಮೇಲೆ, ಅಡುಗೆಮನೆ ಮೊದಲು

ಓದುಗರ ಪ್ರಶ್ನೆ, ತಜ್ಞರ ಉತ್ತರ. ಈ ಸಂಚಿಕೆಯ ವಿಷಯ: ಗ್ಲುಟೆನ್ ಸಮಸ್ಯೆ, ಆಹಾರದ ಅಲರ್ಜಿ ಇರುವವರ ಜೊತೆ ಕುಟುಂಬ ಪ್ರವಾಸ

ಪ್ರಶ್ನೆ: ಮಗಳಿಗೆ ಎಂಟು ವರ್ಷ, ಸೀಲಿಯಾಕ್ ಕಾಯಿಲೆ ಇದೆ. ಐದು ವರ್ಷದ ಮಗನಿಗೆ ಹಾಲು ಮತ್ತು ಶೇಂಗಾ ಅಲರ್ಜಿ. ಮೊದಲ ಸಲ ಹತ್ತು ದಿನದ ಪ್ರವಾಸ ಹೊರಟಿದ್ದೇವೆ. ಹೋಟೆಲ್ ಒಳ್ಳೆಯದೋ, ಅಡುಗೆಮನೆ ಇರುವ ಬಾಡಿಗೆ ಮನೆಯೋ?

ಉತ್ತರ: ಅಡುಗೆಮನೆ ಇರುವ ಮನೆ. ಬೆಳಗಿನ ತಿಂಡಿ ಮತ್ತು ಇನ್ನೊಂದು ಹೊತ್ತಿನ ಊಟ ನಿಮ್ಮ ಕೈಯಲ್ಲೇ ಆದರೆ ಹೊರಗೆ ತಿನ್ನುವುದು ದಿನಕ್ಕೆ ಒಂದೇ ಹೊತ್ತಿಗೆ ಇಳಿಯುತ್ತದೆ. ಅಪಾಯವೂ ಅಷ್ಟೇ ಇಳಿಯುತ್ತದೆ.

ಹೊರಡುವ ಮೊದಲು ಇಬ್ಬರ ತೊಂದರೆಯನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದಿಡಿ. ಮಗನದು ಅಲರ್ಜಿ. ತಿಂದ ಕೆಲವೇ ನಿಮಿಷಗಳಲ್ಲಿ ಉಸಿರಿಗೆ ಕುತ್ತು ಬರಬಹುದು, ಅದಕ್ಕೆ ಅಡ್ರಿನಲಿನ್ ಚುಚ್ಚುಮದ್ದು ಬೇಕು. ಮಗಳದು ಅಲರ್ಜಿಯಲ್ಲ. ಗ್ಲುಟೆನ್ (ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿರುವ ಪ್ರೋಟೀನು) ಒಳಗೆ ಹೋದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಸಣ್ಣಕರುಳಿನ ಒಳಪದರಕ್ಕೆ ಹಾನಿ ಮಾಡುತ್ತದೆ. ತೊಂದರೆ ಗಂಟೆಗಳ ನಂತರವೋ ಮರುದಿನವೋ ಕಾಣಿಸಿಕೊಳ್ಳಬಹುದು, ಏನೂ ಕಾಣಿಸದೆಯೂ ಹಾನಿಯಾಗಬಹುದು. ಅದಕ್ಕೆ ಅಡ್ರಿನಲಿನ್‌ನಿಂದ ಪ್ರಯೋಜನವಿಲ್ಲ. ಹಾಗಾಗಿ ಮಗಳಿಗೆ ಮುಖ್ಯವಾಗುವುದು ಪಾತ್ರೆಗಳ ಶುಚಿ. ಮಗನಿಗೆ ಅದರ ಜೊತೆಗೆ ಆಸ್ಪತ್ರೆಯ ದೂರವೂ ಲೆಕ್ಕಕ್ಕೆ ಬರುತ್ತದೆ. ಬುಕ್ ಮಾಡುವ ಮೊದಲೇ ನಕ್ಷೆಯಲ್ಲಿ ಇಪ್ಪತ್ತನಾಲ್ಕು ಗಂಟೆ ತೆರೆದಿರುವ ತುರ್ತು ವಿಭಾಗ ಎಲ್ಲಿದೆ ಎಂದು ನೋಡಿ.

ಶುಚಿ ಎಂದರೆ ಎಷ್ಟರ ಮಟ್ಟಿಗೆ? ಒಂದು ಹೋಳು ಗೋಧಿ ಬ್ರೆಡ್‌ನಲ್ಲಿ ಸುಮಾರು 2 ಗ್ರಾಂ ಗ್ಲುಟೆನ್ ಇರುತ್ತದೆ. ದಿನವೂ 50 ಮಿಲಿಗ್ರಾಂ ಹೊಟ್ಟೆ ಸೇರುತ್ತಿದ್ದರೆ ಸೀಲಿಯಾಕ್ ಇರುವವರ ಕರುಳು ಹಾಳಾಗಬಹುದು. ಅಂದರೆ ಆ ಹೋಳಿನ ನಲವತ್ತನೇ ಒಂದು ಭಾಗ, ಬೆರಳ ತುದಿಗೆ ಅಂಟುವಷ್ಟು ಪುಡಿ. ಕಾಯಿಸಿದರೆ ಗ್ಲುಟೆನ್ ಸಾಯುತ್ತದೆ ಎಂಬುದು ತಪ್ಪು ನಂಬಿಕೆ. ಅದು ಪ್ರೋಟೀನು, ರೋಗಾಣುವಲ್ಲ. ಕುದಿಸಿದರೂ ಕರಿದರೂ ಹೋಗುವುದಿಲ್ಲ, ತೊಳೆದು ತೆಗೆಯಬೇಕು ಅಷ್ಟೇ.

ಮನೆ ತಲುಪಿದ ಕೂಡಲೇ ಹೀಗೆ ಮಾಡಿ: ಅಲ್ಲಿರುವ ಪಾತ್ರೆ ಉಜ್ಜುವ ಸ್ಪಂಜನ್ನು ಪಕ್ಕಕ್ಕಿಟ್ಟು ನಿಮ್ಮ ಹೊಸ ಸ್ಪಂಜು ತೆಗೆಯಿರಿ. ಕಟ್ಟೆ, ಫ್ರಿಜ್ಜಿನ ಹಿಡಿ, ಊಟದ ಮೇಜನ್ನು ಸೋಪು ನೀರಿನಿಂದ ಒರೆಸಿ. ಬಳಸುವ ಪಾತ್ರೆಗಳನ್ನೆಲ್ಲ ಒಮ್ಮೆ ತೊಳೆಯಿರಿ. ಟೋಸ್ಟರ್, ಮರದ ಸೌಟು, ಮರದ ಹಲಗೆ, ಗೀರು ಬಿದ್ದ ನಾನ್‌ಸ್ಟಿಕ್ ಬಾಣಲೆ, ತೂತುಗಳ ಸೋಸುಪಾತ್ರೆ, ಈ ಐದನ್ನು ಮಾತ್ರ ಎಷ್ಟು ತೊಳೆದರೂ ನಂಬಬೇಡಿ. ಹಿಟ್ಟು ಹೋಗಿ ಕೂರುವುದು ಅವುಗಳ ಸಂದಿಗಳಲ್ಲೇ. ಒಂದು ಸಣ್ಣ ಬಾಣಲೆ, ಪ್ಲಾಸ್ಟಿಕ್ ಹಲಗೆ, ಚಾಕು, ಮಡಚುವ ಸೋಸುಪಾತ್ರೆ, ಎರಡು ಸ್ಪಂಜು, ಒಂದು ಸುರುಳಿ ಅಲ್ಯುಮಿನಿಯಂ ಫಾಯಿಲ್ ಪೆಟ್ಟಿಗೆಯಲ್ಲಿದ್ದರೆ ಸಾಕು, ಇಡೀ ಅಡುಗೆಮನೆ ಹೊತ್ತೊಯ್ಯಬೇಕಿಲ್ಲ. ಓವನ್ ಬಳಸುವುದಾದರೆ ತಟ್ಟೆಯ ಮೇಲೆ ಫಾಯಿಲ್ ಹಾಸಿ.

ನಿಮ್ಮಂಥ ಮನೆಗಳಲ್ಲಿ ಎಡವುವುದು ಹೆಚ್ಚಾಗಿ ಇನ್ನೊಂದು ಕಡೆ. ಮಗಳಿಗೆಂದು ಕೊಂಡ ಗ್ಲುಟೆನ್ ರಹಿತ ಬಿಸ್ಕತ್ತು, ಬ್ರೆಡ್ಡುಗಳಲ್ಲಿ ಗೋಧಿಯ ಬದಲು ಹಾಲಿನ ಪುಡಿ, ಮೊಟ್ಟೆ, ಬಾದಾಮಿ ಹಿಟ್ಟು ಸೇರಿರುವುದು ಸಾಮಾನ್ಯ. ಅಕ್ಕನ ಡಬ್ಬಿ ತಮ್ಮನಿಗೆ ಸುರಕ್ಷಿತ ಎಂದುಕೊಳ್ಳಬೇಡಿ. ಇಬ್ಬರಿಗೂ ಬೇರೆ ಬಣ್ಣದ ಮುಚ್ಚಳದ ಡಬ್ಬಿಗಳಿರಲಿ.

ಪ್ರಶ್ನೆ: ವಿಮಾನದಲ್ಲಿ ಗ್ಲುಟೆನ್ ರಹಿತ ಊಟಕ್ಕೆ ಹೇಳಿದ್ದೇವೆ. ಹಾಲಿನ ಅಲರ್ಜಿ ಇರುವ ಮಗುವಿಗೂ ಅದನ್ನೇ ಕೊಡಬಹುದೇ? ಪಕ್ಕದ ಸಾಲಿನವರು ಶೇಂಗಾ ತಿಂದರೆ ಏನು ಗತಿ?

ಉತ್ತರ: ಕೊಡಬೇಡಿ. ಜಿಎಫ್‌ಎಂಎಲ್ ಎಂಬ ಸಂಕೇತದ ಊಟದಲ್ಲಿ ಗ್ಲುಟೆನ್ ಇಲ್ಲ ಎಂದಷ್ಟೇ ಅರ್ಥ. ಹಾಲು, ಬೀಜಗಳು ಇರಬಹುದು. ಎನ್‌ಎಲ್‌ಎಂಎಲ್ ಎಂಬ ಲ್ಯಾಕ್ಟೋಸ್ ರಹಿತ ಊಟವೂ ಅವನಿಗಲ್ಲ. ಲ್ಯಾಕ್ಟೋಸ್ ಹಾಲಿನ ಸಕ್ಕರೆ, ಅಲರ್ಜಿ ಬರುವುದು ಹಾಲಿನ ಪ್ರೋಟೀನಿಗೆ. ಲ್ಯಾಕ್ಟೋಸ್ ತೆಗೆದ ಹಾಲಿನಲ್ಲೂ ಪ್ರೋಟೀನು ಹಾಗೆಯೇ ಇರುತ್ತದೆ. ಸಾಮಾನ್ಯವಾಗಿ ಒಬ್ಬ ಪ್ರಯಾಣಿಕರಿಗೆ ಒಂದೇ ವಿಶೇಷ ಊಟ ಆರಿಸಲು ಬಿಡುತ್ತಾರೆ, ಎರಡು ನಿರ್ಬಂಧ ಇದ್ದವರಿಗೆ ಅದು ಸಾಲದು.

ವಿಶೇಷ ಊಟಕ್ಕೆ ಹಲವು ಕಂಪನಿಗಳು 24ರಿಂದ 48 ಗಂಟೆ ಮೊದಲೇ ಹೇಳಬೇಕೆನ್ನುತ್ತವೆ. ಹೇಳಿಡಿ, ಆದರೆ ಅದನ್ನೇ ನೆಚ್ಚಬೇಡಿ. ವಿಮಾನ ಬದಲಾದರೆ, ಟಿಕೆಟ್ ಮುಂದೂಡಿದರೆ ಆ ಕೋರಿಕೆ ದಾಖಲೆಯಿಂದ ಬಿದ್ದುಹೋಗುವುದುಂಟು. ಮನೆಯ ಬಾಗಿಲಿನಿಂದ ತಂಗುವ ಮನೆಯ ಬಾಗಿಲಿಗೆ ಎಷ್ಟು ಗಂಟೆ ಎಂದು ಲೆಕ್ಕಹಾಕಿ, ನಾಲ್ಕು ಗಂಟೆಗೆ ಒಂದು ಹೊತ್ತಿನಂತೆ ಆಹಾರ ಕಟ್ಟಿಕೊಳ್ಳಿ, ಅದರ ಮೇಲೆ ಇನ್ನೂ ಎರಡು ಹೊತ್ತಿಗಾಗುವಷ್ಟು. ವಿಮಾನ ತಡವಾದ ರಾತ್ರಿ ನಿಲ್ದಾಣದಲ್ಲಿ ತೆರೆದಿರುವ ಒಂದೇ ಅಂಗಡಿಯಲ್ಲಿ ಸ್ಯಾಂಡ್‌ವಿಚ್ ಬಿಟ್ಟು ಬೇರೇನೂ ಇರುವುದಿಲ್ಲ. ಜಾಮ್, ಮೊಸರು, ಚಟ್ನಿಯಂಥವು ಭದ್ರತಾ ತಪಾಸಣೆಯಲ್ಲಿ ದ್ರವದ ಲೆಕ್ಕಕ್ಕೆ ಬರುತ್ತವೆ, ಹಲವೆಡೆ ಮಿತಿ 100 ಮಿಲಿಲೀಟರ್. ಗಟ್ಟಿ, ಒಣ ತಿನಿಸುಗಳೇ ಅನುಕೂಲ. ಬೇರೆ ದೇಶದಲ್ಲಿ ಇಳಿಯುವಾಗ ಹಣ್ಣು, ಮಾಂಸ, ಹಾಲಿನ ಪದಾರ್ಥ ಉಳಿದಿದ್ದರೆ ಕಸ್ಟಮ್ಸ್ ಅರ್ಜಿಯಲ್ಲಿ ತಪ್ಪದೆ ಬರೆಯಿರಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಬರೆಯದೆ ಸಿಕ್ಕಿಬಿದ್ದರೆ ದಂಡ ತಪ್ಪುವುದಿಲ್ಲ.

ಇನ್ನು ಶೇಂಗಾ. ಗಾಳಿಯಲ್ಲಿ ತೇಲಿ ಬರುವುದಕ್ಕಿಂತ ಸೀಟಿನ ಕೈಹಿಡಿ, ಮಡಚುವ ಮೇಜು, ಬೆಲ್ಟಿನ ಕೊಂಡಿ, ಪರದೆಗಳ ಮೇಲೆ ಅಂಟಿ ಉಳಿದದ್ದೇ ಹೆಚ್ಚು ಅಪಾಯ. ಮಗು ಅದನ್ನು ಮುಟ್ಟಿ ಬಾಯಿಗೆ ಕೈ ಹಾಕುತ್ತದೆ. ಕೂರುವ ಮೊದಲು ಒದ್ದೆ ವೈಪ್ಸ್‌ನಿಂದ ಒರೆಸಿ. ಕೈಗೆ ಹಚ್ಚುವ ಸ್ಯಾನಿಟೈಸರ್ ರೋಗಾಣುವನ್ನು ಕೊಲ್ಲುತ್ತದೆ, ಶೇಂಗಾದ ಪ್ರೋಟೀನನ್ನು ತೆಗೆಯುವುದಿಲ್ಲ. ಕೈಗೆ ಸೋಪು ನೀರು, ಇಲ್ಲವೇ ವೈಪ್ಸ್.

ಪ್ರಶ್ನೆ: "ಇದರಲ್ಲಿ ಗೋಧಿ ಇಲ್ಲವಲ್ಲ?" ಎಂದು ಪ್ರತಿ ಸಲ ಕೇಳಿಯೇ ತರಿಸುತ್ತೇವೆ. ಆದರೂ ಕಳೆದ ಪ್ರವಾಸದಲ್ಲಿ ಗ್ಲುಟೆನ್ ಆಗದ ಪತ್ನಿಗೆ ಎರಡು ಸಲ ಹೊಟ್ಟೆ ಕೆಟ್ಟಿತು. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ಪ್ರಶ್ನೆಯಲ್ಲೇ. "ಇಲ್ಲವಲ್ಲ?" ಎಂದರೆ ಬಡಿಸುವವರು "ಇಲ್ಲ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಸೋಯಾ ಸಾಸ್ ಮಾಡುವುದು ಗೋಧಿ ಹಾಕಿ ಎಂದು ಅವರಿಗೆ ತಿಳಿದಿರುವುದಿಲ್ಲ. ಹೌದು, ಇಲ್ಲ ಎಂದು ಉತ್ತರ ಬರುವ ಪ್ರಶ್ನೆ ಬಿಟ್ಟು "ಹೇಗೆ ಮಾಡುತ್ತೀರಿ?" ಎಂದು ಕೇಳಿ. ಸಾಧ್ಯವಾದರೆ ಅಡುಗೆಯವರನ್ನೇ ಕೇಳಿ:

ಇದನ್ನು ಯಾವ ಎಣ್ಣೆಯಲ್ಲಿ ಕರಿಯುತ್ತೀರಿ, ಅದೇ ಬಾಣಲೆಗೆ ಇನ್ನೇನು ಬೀಳುತ್ತದೆ? (ಆಲೂಗಡ್ಡೆಯಲ್ಲಿ ಗ್ಲುಟೆನ್ ಇಲ್ಲ, ಬ್ರೆಡ್ ಪುಡಿ ಹಚ್ಚಿದ ತಿನಿಸು ಕರಿದ ಎಣ್ಣೆಯಲ್ಲಿ ಇದೆ.) ಸಾರು, ಗ್ರೇವಿ ಗಟ್ಟಿಯಾಗಲು ಏನು ಹಾಕುತ್ತೀರಿ? ಮಸಾಲೆ, ಸೂಪಿನ ಪುಡಿ ಪೊಟ್ಟಣದ್ದಾದರೆ ಪೊಟ್ಟಣ ತೋರಿಸುತ್ತೀರಾ? ಪಾಸ್ತಾವನ್ನು ಹೊಸ ನೀರಿನಲ್ಲಿ ಬೇಯಿಸುತ್ತೀರಾ? ಆಮ್ಲೆಟ್ಟಿನ ಮಿಶ್ರಣಕ್ಕೆ ಮೊಟ್ಟೆ ಬಿಟ್ಟು ಬೇರೇನಾದರೂ ಸೇರುತ್ತದೆಯೇ?

ಈ ಪ್ರಶ್ನೆಗಳಿಗೆ ಅವರು ಯೋಚಿಸಿ ಉತ್ತರಿಸಿದರೆ, "ಒಳಗೆ ಕೇಳಿ ಬರುತ್ತೇನೆ" ಎಂದರೆ ಅಲ್ಲಿ ಕೂತು ತಿನ್ನಿ. ಕೇಳುವ ಮೊದಲೇ "ಏನೂ ತೊಂದರೆಯಿಲ್ಲ" ಎಂದರೆ ಎದ್ದು ಬರುವುದೇ ಮೇಲು, ಅದು ಸಂಕೋಚಪಡುವ ಸಂದರ್ಭವಲ್ಲ. ಜನ ತುಂಬುವುದಕ್ಕೆ ಒಂದು ಗಂಟೆ ಮೊದಲು ಹೋಗಿ. ಗದ್ದಲದಲ್ಲಿ ಸೌಟು ಬದಲಿಸಲು ಯಾರಿಗೂ ಪುರಸೊತ್ತಿರುವುದಿಲ್ಲ. ಬಫೆಯಲ್ಲಿ ಒಂದು ಪಾತ್ರೆಯ ಚಮಚ ಇನ್ನೊಂದಕ್ಕೆ ಹೋಗುವುದು ಖಚಿತ. ತೆರೆಯುವ ಹೊತ್ತಿಗೇ ಮೊದಲು ಬಡಿಸಿಕೊಳ್ಳಿ, ಇಲ್ಲವೇ ಒಳಗಿನ ಪಾತ್ರೆಯಿಂದ ತಂದುಕೊಡಲು ಕೇಳಿ.

ಭಾಷೆ ಬಾರದ ಊರಿಗಾದರೆ ಅಲ್ಲಿನ ಭಾಷೆಯಲ್ಲಿ ಚೀಟಿ ಮಾಡಿಸಿಕೊಳ್ಳಿ. "ಗ್ಲುಟೆನ್" ಎಂಬ ಒಂದೇ ಪದ ಸಾಲದು, ಎಷ್ಟೋ ಅಡುಗೆಯವರಿಗೆ ಅದು ತಿಳಿಯದು. ಗೋಧಿ, ಮೈದಾ, ರವೆ, ಬಾರ್ಲಿ, ರೈ, ಮಾಲ್ಟ್, ಸೋಯಾ ಸಾಸ್, ಬ್ರೆಡ್ ಪುಡಿ ಎಂದು ಹೆಸರಿಸಿ. ಅದರ ಕೆಳಗೆ "ಬೇರೆ ಬಾಣಲೆ, ಬೇರೆ ಸೌಟು, ತೊಳೆದ ಕೈ ಬೇಕು" ಎಂಬ ಸಾಲು. ಕೊನೆಗೆ ಏನೇನು ತಿನ್ನಬಹುದು ಎಂಬ ಪಟ್ಟಿ: ಅನ್ನ, ಆಲೂಗಡ್ಡೆ, ಜೋಳ, ಮೊಟ್ಟೆ, ಉಪ್ಪು ಹಾಕಿ ಬೇಯಿಸಿದ ತರಕಾರಿ. ಈ ಪಟ್ಟಿ ಬಹಳ ಜನ ಮರೆಯುತ್ತಾರೆ. ಬೇಡದ್ದನ್ನಷ್ಟೇ ಓದಿದ ಅಡುಗೆಯವರಿಗೆ ಏನು ಮಾಡಿಕೊಡಬೇಕೆಂದು ಹೊಳೆಯುವುದಿಲ್ಲ. ಅನುವಾದವನ್ನು ಯಂತ್ರದಿಂದ ಮಾಡಿಸಿದರೆ ಅದನ್ನೇ ತಿರುಗಿ ಕನ್ನಡಕ್ಕೆ ಮಾಡಿಸಿ ನೋಡಿ, "ಶೇಂಗಾ" ಎಂಬುದು "ಬೀಜ" ಆಗಿದ್ದರೆ ಆಗಲೇ ಗೊತ್ತಾಗುತ್ತದೆ. ನಾಲ್ಕೈದು ಪ್ರತಿ ಇಟ್ಟುಕೊಳ್ಳಿ. ಅಡುಗೆಮನೆಯೊಳಗೆ ಹೋದ ಚೀಟಿ ಹಿಂದಿರುಗುವುದು ಕಡಿಮೆ.

ಪ್ರಶ್ನೆ: ಪೊಟ್ಟಣದ ಮೇಲಿನ ಅಲರ್ಜಿ ಸೂಚನೆ ಎಲ್ಲ ದೇಶದಲ್ಲೂ ಒಂದೇ ಅರ್ಥವೇ?

ಉತ್ತರ: ಅಲ್ಲ. ಐರೋಪ್ಯ ಒಕ್ಕೂಟದಲ್ಲಿ 14 ಅಲರ್ಜಿಕಾರಕಗಳನ್ನು ಎದ್ದು ಕಾಣುವಂತೆ ಮುದ್ರಿಸುವುದು ಕಡ್ಡಾಯ. ಗೋಧಿಯ ಜೊತೆ ಬಾರ್ಲಿ, ರೈ, ಸಾಸಿವೆ, ಎಳ್ಳು ಆ ಪಟ್ಟಿಯಲ್ಲಿವೆ. ಅಲ್ಲಿ 2014ರ ಡಿಸೆಂಬರ್‌ನಿಂದ ಹೋಟೆಲುಗಳೂ ಈ ಮಾಹಿತಿ ಕೊಡಬೇಕು. ಅಮೆರಿಕದ ಪಟ್ಟಿಯಲ್ಲಿರುವುದು 9, ಎಳ್ಳು ಸೇರಿದ್ದು 2023ರ ಜನವರಿಯಿಂದ. ಗೋಧಿ ಅದರಲ್ಲಿದೆ, ಬಾರ್ಲಿ ಮತ್ತು ರೈ ಇಲ್ಲ. ಹಾಗಾಗಿ ಅಲರ್ಜಿ ಸಾಲಿನಲ್ಲಿ ಗೋಧಿ ಕಾಣಲಿಲ್ಲ ಎಂದು ಸೀಲಿಯಾಕ್ ಇರುವವರು ನಿಶ್ಚಿಂತರಾಗುವಂತಿಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಮಾಲ್ಟ್ ಎಂದಿದ್ದರೆ ಅದು ಸಾಮಾನ್ಯವಾಗಿ ಬಾರ್ಲಿಯೇ.

"ಗ್ಲುಟೆನ್ ರಹಿತ" ಎಂಬ ಮಾತಿಗೆ ಹೆಚ್ಚಿನ ಕಡೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಎಂಬ ಮಿತಿಯಿದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಇನ್ನೂ ಕಟ್ಟುನಿಟ್ಟು, ಅಲ್ಲಿ ಓಟ್ಸ್ ಇರುವ ತಿನಿಸಿಗೆ ಆ ಹೆಸರೇ ಇಲ್ಲ. ಗೋಧಿ ಅಲರ್ಜಿ ಇರುವವರಿಗೆ ಒಂದು ಎಚ್ಚರಿಕೆ: ಗ್ಲುಟೆನ್ ತೆಗೆದ ಗೋಧಿ ಪಿಷ್ಟ ಸೇರಿಸಿದ ಬ್ರೆಡ್ಡು "ಗ್ಲುಟೆನ್ ರಹಿತ" ಎಂದೇ ಮಾರಾಟವಾಗುತ್ತದೆ. ಸೀಲಿಯಾಕ್‌ಗೆ ಅದು ನಡೆಯುತ್ತದೆ, ಗೋಧಿ ಅಲರ್ಜಿಗೆ ನಡೆಯದು.

"ಅಂಶಗಳು ಇರಬಹುದು" ಎಂಬ ಸಾಲು ಅಮೆರಿಕದಲ್ಲೂ ಯುರೋಪಿನಲ್ಲೂ ತಯಾರಕರ ಇಚ್ಛೆಗೆ ಬಿಟ್ಟದ್ದು. ಆ ಸಾಲು ಇಲ್ಲದಿದ್ದರೆ ಅಪಾಯವಿಲ್ಲ ಎಂದು ತಿಳಿಯಬೇಡಿ. ಮನೆಯಲ್ಲಿ ತಿನ್ನುವ ಬ್ರ್ಯಾಂಡೇ ಅಲ್ಲಿ ಸಿಕ್ಕರೂ ಹೊಸದಾಗಿ ಓದಿ, ಒಂದೇ ಹೆಸರಿನ ಚಾಕೊಲೇಟ್ ದೇಶದಿಂದ ದೇಶಕ್ಕೆ ಬೇರೆ ಕಾರ್ಖಾನೆಯಿಂದ ಬರಬಹುದು.

ಪ್ರಶ್ನೆ: ಅಡ್ರಿನಲಿನ್ ಪೆನ್ನು (ಔಷಧ ತುಂಬಿದ, ಒತ್ತಿದರೆ ಚುಚ್ಚುವ ಸಾಧನ) ಎಷ್ಟು ಒಯ್ಯಬೇಕು? ಬಿಸಿಲಿಗೆ ಕೆಡುತ್ತದೆಯೇ? ಯಾವಾಗ ಚುಚ್ಚಬೇಕು ಎಂಬ ಗೊಂದಲವೂ ಇದೆ.

ಉತ್ತರ: ಕನಿಷ್ಠ ಎರಡು, ಯಾವಾಗಲೂ ಒಟ್ಟಿಗೆ, ಮಗುವಿನ ಜೊತೆಗೇ. ಒಂದು ಅಪ್ಪನ ಬ್ಯಾಗಿನಲ್ಲಿ, ಇನ್ನೊಂದು ಕೋಣೆಯಲ್ಲಿ ಎಂಬ ಹಂಚಿಕೆ ಬೇಡ, ಎರಡನೇ ಡೋಸ್ ಬೇಕಾಗುವುದು ಐದರಿಂದ ಹದಿನೈದು ನಿಮಿಷದಲ್ಲಿ. ಸಾಮಾನ್ಯವಾಗಿ 15ರಿಂದ 30 ಕಿಲೋ ತೂಕದ ಮಕ್ಕಳಿಗೆ 0.15 ಮಿಲಿಗ್ರಾಂ, ಅದಕ್ಕಿಂತ ಹೆಚ್ಚಿನವರಿಗೆ 0.3 ಮಿಲಿಗ್ರಾಂ ಪೆನ್ನು. 25 ಕಿಲೋ ದಾಟಿದಾಗಲೇ ದೊಡ್ಡದಕ್ಕೆ ಬದಲಿಸುವ ವೈದ್ಯರೂ ಇದ್ದಾರೆ, ಆದ್ದರಿಂದ ಹೊರಡುವ ಮೊದಲು ಮಗುವಿನ ತೂಕ ನೋಡಿ ಕೇಳಿ. ಪೆನ್ನು ಸಿಗದ ಕಡೆ ವೈದ್ಯರು ಆಂಪುಲ್ (ಔಷಧದ ಪುಟ್ಟ ಗಾಜಿನ ಸೀಸೆ), ಸಿರಿಂಜ್ ಬರೆದುಕೊಡುತ್ತಾರೆ. ಆಗ ಅಳತೆಯನ್ನು ಅವರ ಮುಂದೆಯೇ ಎಳೆದು ಅಭ್ಯಾಸ ಮಾಡಿ, ಸಿರಿಂಜಿನ ಮೇಲೆ ಗುರುತು ಹಾಕಿಸಿಕೊಳ್ಳಿ.

ಇಡಬೇಕಾದದ್ದು 20ರಿಂದ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸ್ವಲ್ಪ ಹೊತ್ತು 15ರಿಂದ 30ರವರೆಗೆ ಆದೀತು. ನಿಲ್ಲಿಸಿದ ಕಾರು ಬೇಡ, ಫ್ರಿಜ್ಜೂ ಬೇಡ. ಸಮುದ್ರತೀರದಲ್ಲಿ ಇನ್ಸುಲೇಟೆಡ್ ಚೀಲದಲ್ಲಿಡಿ, ಆದರೆ ಮಂಜುಗಡ್ಡೆ ಪೊಟ್ಟಣ ನೇರವಾಗಿ ತಾಗಬಾರದು. ಔಷಧದ ಬಣ್ಣ ಬದಲಾಗಿದ್ದರೆ, ಗಸಿ ಕಂಡರೆ ಬದಲಿಸಿ. ವಿಮಾನದಲ್ಲಿ ಕೈಚೀಲದಲ್ಲೇ ಇರಲಿ, ಜೊತೆಗೆ ವೈದ್ಯರ ಪತ್ರ.

ಚುಚ್ಚುವುದು ಯಾವಾಗ: ಉಸಿರು ಕಟ್ಟುವುದು, ಕೆಮ್ಮು ನಿಲ್ಲದಿರುವುದು, ದನಿ ಒಡೆಯುವುದು, ನಾಲಿಗೆ ಊದುವುದು, ಕಣ್ಣು ಕತ್ತಲಿಟ್ಟು ಜೋತುಬೀಳುವುದು, ಇವುಗಳಲ್ಲಿ ಒಂದೇ ಸಾಕು. ಮೈಮೇಲೆ ದದ್ದು ಎದ್ದು ಜೊತೆಗೆ ಮೇಲಿಂದ ಮೇಲೆ ವಾಂತಿಯಾದರೂ ಚುಚ್ಚಿ. ಅಲರ್ಜಿ ಮಾತ್ರೆ ಕೊಟ್ಟು ಕಾಯುವುದೇ ಇಲ್ಲಿ ನಡೆಯುವ ದೊಡ್ಡ ತಪ್ಪು. ಅದು ತುರಿಕೆ ಇಳಿಸುತ್ತದೆ, ಉಸಿರಿನ ದಾರಿ ತೆರೆಯುವುದಿಲ್ಲ. ತೊಡೆಯ ಹೊರಭಾಗದ ನಡುವೆ, ಬಟ್ಟೆಯ ಮೇಲಿಂದಲೇ ಚುಚ್ಚಬಹುದು. ಎಷ್ಟು ಸೆಕೆಂಡ್ ಒತ್ತಿಹಿಡಿಯಬೇಕೆಂಬುದು ಪೆನ್ನಿನಿಂದ ಪೆನ್ನಿಗೆ ಬೇರೆ, ನಿಮ್ಮದರ ಮೇಲೆ ಬರೆದಿರುತ್ತದೆ. ಮಲಗಿಸಿ ಕಾಲು ಎತ್ತಿಡಿ, ಉಸಿರಾಟಕ್ಕೆ ಕಷ್ಟವಾದರೆ ಕೂರಿಸಿ, ಎದ್ದು ನಡೆಯಲು ಬಿಡಬೇಡಿ. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆಗಳ ಬಳಿಕ ಮತ್ತೆ ಮರುಕಳಿಸಬಹುದು.

ಪ್ರಶ್ನೆ: ಮಗನಿಗೆ ಸೀಲಿಯಾಕ್ ಇರಬಹುದೆಂದು ವೈದ್ಯರಿಗೆ ಅನುಮಾನ, ಪರೀಕ್ಷೆ ಪ್ರವಾಸದ ನಂತರ. ಈಗಿನಿಂದಲೇ ಗೋಧಿ ನಿಲ್ಲಿಸಿಬಿಡಲೇ?

ಉತ್ತರ: ನಿಲ್ಲಿಸಬೇಡಿ. ಗ್ಲುಟೆನ್ ಬಿಟ್ಟ ಮೇಲೆ ರಕ್ತಪರೀಕ್ಷೆಯೂ ಕರುಳಿನ ಬಯಾಪ್ಸಿಯೂ (ಸಣ್ಣ ತುಣುಕು ತೆಗೆದು ಮಾಡುವ ಪರೀಕ್ಷೆ) ಸರಿಯಿದ್ದಂತೆ ಕಾಣಬಹುದು. ಸಾಧ್ಯವಾದರೆ ರಕ್ತಪರೀಕ್ಷೆಯನ್ನು ಹೊರಡುವ ಮೊದಲೇ ಮಾಡಿಸಿ.

ಪ್ರಶ್ನೆ: ಸೀಲಿಯಾಕ್ ಇರುವ ಮಗಳು ತಿಳಿಯದೆ ಗೋಧಿ ತಿಂದುಬಿಟ್ಟರೆ ಪ್ರವಾಸ ಅಲ್ಲಿಗೇ ನಿಲ್ಲಿಸಬೇಕೇ?

ಉತ್ತರ: ಬೇಕಿಲ್ಲ. ಒಂದು ಸಲದ ತಪ್ಪಿಗೆ ಮದ್ದಿಲ್ಲ, ವಾಂತಿ ಮಾಡಿಸುವುದರಿಂದಲೂ ಪ್ರಯೋಜನವಿಲ್ಲ. ವಾಂತಿ, ಭೇದಿ ಇದ್ದರೆ ಓಆರ್‌ಎಸ್ ಅನ್ನು ಗುಟುಕು ಗುಟುಕಾಗಿ ಕುಡಿಸಿ, ಅನ್ನದಂಥ ಸರಳ ಆಹಾರ ಕೊಡಿ, ಮರುದಿನದ ಓಡಾಟ ಕಡಿಮೆ ಮಾಡಿ. ಮೂತ್ರ ತೀರಾ ಕಡಿಮೆಯಾದರೆ, ಮಗು ಮಂಕಾದರೆ ವೈದ್ಯರ ಬಳಿ ಹೋಗಿ. ಓಆರ್‌ಎಸ್ ಪೊಟ್ಟಣಗಳನ್ನು ಊರಿನಿಂದಲೇ ಒಯ್ಯಿರಿ, ರಾತ್ರಿ ಎರಡು ಗಂಟೆಗೆ ಗೊತ್ತಿಲ್ಲದ ಊರಲ್ಲಿ ಔಷಧದಂಗಡಿ ಹುಡುಕುವುದು ತಪ್ಪುತ್ತದೆ.