ಮಾತ್ರೆ, ಪುಡಿ, ಹರಳು: ಮೂರೂ ಒಂದೇನಾ?

ಈ ಸಲ ಬಂದ ಪತ್ರಗಳಲ್ಲಿ ಮೂರು ಮೆಥಾಂಫೆಟಮೈನ್ ಎಂಬ ಒಂದೇ ಮಾದಕ ವಸ್ತುವಿನ ಬಗ್ಗೆ. ಉಳಿದವನ್ನು ಮುಂದಿನ ಸಂಚಿಕೆಗೆ ಇಟ್ಟು ಈ ಮೂರಕ್ಕೆ ಮಾತ್ರ ಉತ್ತರ ಬರೆಯುತ್ತಿದ್ದೇನೆ. ವ್ಯಸನ ಬಿಡಿಸುವ ವಾರ್ಡಿನಲ್ಲಿ ಕೆಲಸ ಮಾಡುವ ನನಗೆ ಈ ಪ್ರಶ್ನೆಗಳು ಹೊಸವಲ್ಲ. ಆದರೆ ಮನೆಯವರು ಕೇಳುವಷ್ಟರಲ್ಲಿ ಸಾಮಾನ್ಯವಾಗಿ ತಡವಾಗಿರುತ್ತದೆ. ಮೊದಲ ಪತ್ರ ಬರೆದವರು ಬೇಗ ಕೇಳಿದ್ದಾರೆ. ಅದಕ್ಕೇ ಅವರಿಗೆ ಉದ್ದದ ಉತ್ತರ.

ಪ್ರಶ್ನೆ: ಡಾಕ್ಟ್ರೇ, ನನ್ನ ತಮ್ಮನಿಗೆ 21 ವರ್ಷ. ಪರೀಕ್ಷೆ ಬಂದಾಗ ರಾತ್ರಿಯೆಲ್ಲಾ ಎಚ್ಚರ ಇರೋಕೆ ಸ್ನೇಹಿತರಿಂದ ಯಾವುದೋ ಮಾತ್ರೆ ತಗೊಳ್ತಾನೆ. ಬೈದರೆ, ‘ಇದು ಐಸ್ ಅಲ್ಲ ಅಕ್ಕಾ, ಬರೀ ಯಾಬಾ ಮಾತ್ರೆ’ ಅಂತಾನೆ. ಸ್ಪೀಡ್, ಯಾಬಾ, ಕ್ರಿಸ್ಟಲ್, ಐಸ್ ಇವೆಲ್ಲ ಬೇರೆ ಬೇರೆಯಾ? ಮಾತ್ರೆ ಆದರೆ ಅಪಾಯ ಕಡಿಮೆನಾ?

ಉತ್ತರ: ಬೇರೆ ಬೇರೆ ಅಲ್ಲ. ಯಾಬಾ, ಕ್ರಿಸ್ಟಲ್, ಐಸ್ ಮೂರರಲ್ಲೂ ಇರುವುದು ಮೆಥಾಂಫೆಟಮೈನ್ ಎಂಬ ಒಂದೇ ರಾಸಾಯನಿಕ. ಚುಟುಕಾಗಿ ‘ಮೆಥ್’ ಅನ್ನುತ್ತಾರೆ. ಸ್ಪೀಡ್ ಎಂಬ ಹೆಸರನ್ನು ಕೆಲವು ದೇಶಗಳಲ್ಲಿ ಮೆಥ್ ಪುಡಿಗೆ ಬಳಸಿದರೆ, ಯುರೋಪಿನಲ್ಲಿ ಹೆಚ್ಚಾಗಿ ಅದರ ಹತ್ತಿರದ ಸಂಬಂಧಿ ಆಂಫೆಟಮೈನ್‌ಗೆ ಬಳಸುತ್ತಾರೆ. ಪತ್ರಿಕೆಗಳಲ್ಲಿ ಪದೇ ಪದೇ ಕಾಣುವ ಎಂಡಿಎಂಎ ಕೂಡ ಇದೇ ಕುಟುಂಬದ್ದು, ಆದರೆ ಬೇರೆ ವಸ್ತು. ಮೋಸವೂ ಇಲ್ಲೇ ನಡೆಯುತ್ತದೆ. ಎಂಡಿಎಂಎ ಅಂತ ಮಾರಿದ ಮಾತ್ರೆಯಲ್ಲಿ ಮೆಥ್ ಸಿಕ್ಕಿರುವುದು ಎಷ್ಟೋ ಸಲ.

ಪುಡಿ ಬೆಳ್ಳಗೆ ಅಥವಾ ಮಾಸಲಾಗಿರುತ್ತದೆ, ರುಚಿ ಕಹಿ, ಬೇರೆ ಏನೇನೋ ಬೆರೆಸಿರುತ್ತಾರೆ. ಆಸ್ಟ್ರೇಲಿಯಾದಲ್ಲಿ ಜಿಡ್ಡುಜಿಡ್ಡಾದ ಒದ್ದೆ ರೂಪವೊಂದಿದೆ, ಅದನ್ನು ‘ಬೇಸ್’ ಅನ್ನುತ್ತಾರೆ. ಯಾಬಾ ಸಣ್ಣ ಮಾತ್ರೆ. ಹೆಚ್ಚಾಗಿ ಕೆಂಪು ಅಥವಾ ಕಿತ್ತಳೆ ಬಣ್ಣ, ಮೇಲೆ ‘ಡಬ್ಲ್ಯುವೈ’ ಅಕ್ಷರದ ಅಚ್ಚು. ಅದರಲ್ಲಿ ಮೆಥ್‌ಗಿಂತ ಕೆಫೀನ್ ಜಾಸ್ತಿ. ಐಸ್ ಅಂದರೆ ದೊಡ್ಡ ದೊಡ್ಡ ಪಾರದರ್ಶಕ ಹರಳು. ಸಾಮಾನ್ಯವಾಗಿ ಎಲ್ಲಕ್ಕಿಂತ ಶುದ್ಧವಾಗಿರುವುದು ಇದೇ. ಹಾಗಾಗಿ ಹಿಡಿತವೂ ಗಟ್ಟಿ.

ನಿಮ್ಮ ತಮ್ಮನ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಮುಚ್ಚಿಡುವುದಿಲ್ಲ. ವಸ್ತು ಒಂದೇ ಆದರೂ ದೇಹದೊಳಗೆ ಹೋಗುವ ದಾರಿ ಬೇರೆಯಾದರೆ ಪರಿಣಾಮದ ವೇಗ ಬದಲಾಗುತ್ತದೆ. ನುಂಗಿದರೆ 15ರಿಂದ 20 ನಿಮಿಷ ಬೇಕು. ಮೂಗಿನಿಂದ ಎಳೆದರೆ 3ರಿಂದ 5 ನಿಮಿಷ. ಹೊಗೆಯಾಗಿ ಸೇದಿದರೆ ಅಥವಾ ರಕ್ತನಾಳಕ್ಕೆ ಚುಚ್ಚಿಕೊಂಡರೆ ಕೆಲವೇ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ. ಎಷ್ಟು ಬೇಗ ಮುಟ್ಟುತ್ತದೋ ಅಷ್ಟು ಬಲವಾಗಿ ಮಿದುಳು ‘ಇನ್ನೊಮ್ಮೆ ಬೇಕು’ ಅನ್ನುವುದನ್ನು ಕಲಿಯುತ್ತದೆ. ಹೆಚ್ಚಾಗಿ ಹೊಗೆಯಾಗಿ ಸೇದುವ ಹರಳಿಗೆ ಅಷ್ಟು ಕೆಟ್ಟ ಹೆಸರು ಬಂದಿದ್ದು ಇದರಿಂದಲೇ.

ಆದರೆ ಮಾತ್ರೆ ಯಾವಾಗಲೂ ನುಂಗುವ ಮಾತ್ರೆಯಾಗಿಯೇ ಉಳಿಯುವುದಿಲ್ಲ. ಯಾಬಾವನ್ನು ಬಿಸಿ ಮಾಡಿ ಹೊಗೆ ಎಳೆಯುವವರೇ ಬಹಳ ಮಂದಿ. ನನ್ನ ವಾರ್ಡಿಗೆ ಬಂದ ಎಷ್ಟೋ ಹುಡುಗರ ಕಥೆ ‘ಮೊದಲು ಬರೀ ಮಾತ್ರೆ ಇತ್ತು ಮೇಡಂ’ ಅಂತಲೇ ಶುರುವಾಗುತ್ತದೆ. ಕದ್ದು ಮಾಡುವ ಸರಕಿನಲ್ಲಿ ಯಾವ ಮಾತ್ರೆಯಲ್ಲಿ ಎಷ್ಟು ಮದ್ದಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ.

ಇನ್ನೊಂದು ವಿಷಯ ಅವನಿಗೆ ಹೇಳಿ. ಕೊಕೇನ್‌ನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಒಂದು ಗಂಟೆ ಸಾಕು. ಮೆಥ್‌ಗೆ ಹತ್ತು ಗಂಟೆಗೂ ಜಾಸ್ತಿ ಬೇಕು. ಒಂದು ರಾತ್ರಿ ಓದಲು ತೆಗೆದುಕೊಂಡಿದ್ದು ಮರುದಿನದ ನಿದ್ದೆಯನ್ನೂ ತಿನ್ನುತ್ತದೆ. ಖುಷಿ, ಹುರುಪು ಕೊಡುವ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕದ ದಾಸ್ತಾನನ್ನು ಇದು ಒಮ್ಮೆಲೇ ಹೊರಗೆ ಸುರಿಸುತ್ತದೆ. ನಾಳೆಯ ಚೈತನ್ಯವನ್ನು ಇವತ್ತೇ ಸಾಲ ತಂದು ಖರ್ಚು ಮಾಡಿದ ಹಾಗೆ. ದಾಸ್ತಾನು ಖಾಲಿಯಾದಾಗ ಬರುವ ಕುಸಿತ ತಡೆಯಲಾಗದೆ ಮತ್ತೊಂದು ಮಾತ್ರೆ. ಹೀಗೆ ದಿನಗಟ್ಟಲೆ ನಿದ್ದೆಯಿಲ್ಲದವರಿಗೆ ಸಂಶಯ ಹುಟ್ಟುತ್ತದೆ. ಗೋಡೆಯಾಚೆ ಯಾರೋ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ. ಚರ್ಮದ ಕೆಳಗೆ ಹುಳ ಓಡಾಡಿದಂತಾಗಿ ಕೆರೆದು ಕೆರೆದು ಗಾಯ ಮಾಡಿಕೊಳ್ಳುತ್ತಾರೆ. ಹಾಗೆ ಬಂದ ಮಕ್ಕಳ ಕೈ ನೋಡಿದಾಗ ಇಂದಿಗೂ ನನಗೆ ಸಂಕಟವಾಗುತ್ತದೆ.

ಅವನ ತೂಕ, ಊಟ, ಹಲ್ಲು ಕಡಿಯುವುದು, ಕಾರಣವಿಲ್ಲದ ಸಿಟ್ಟು ಇವನ್ನೆಲ್ಲ ಗಮನಿಸಿ. ಎದೆನೋವು, ಮೈ ಬೆಂಕಿಯಂತೆ ಸುಡುವುದು, ಫಿಟ್ಸ್, ಒಂದು ಕಡೆ ಕೈಕಾಲು ಸ್ವಾಧೀನ ತಪ್ಪುವುದು ಕಂಡರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಏನು ತೆಗೆದುಕೊಂಡಿದ್ದಾನೆ ಅಂತ ಡಾಕ್ಟರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಮರ್ಯಾದೆಗೆ ಹೆದರಿ ಸುಳ್ಳು ಹೇಳಿದರೆ ಚಿಕಿತ್ಸೆ ತಪ್ಪು ದಾರಿ ಹಿಡಿಯುತ್ತದೆ.

ಪ್ರಶ್ನೆ: ನಾನು ನಿವೃತ್ತ ಇತಿಹಾಸ ಮೇಷ್ಟ್ರು. ಈ ಮದ್ದನ್ನು ಯುದ್ಧದಲ್ಲಿ ಸೈನಿಕರಿಗೆ ಸರ್ಕಾರಗಳೇ ಕೊಟ್ಟಿದ್ದವು ಎಂದು ಓದಿದೆ. ನಿಜವೇ? ಆಮೇಲೆ ಜಗತ್ತಿನ ತುಂಬಾ ಹರಡಿದ್ದು ಹೇಗೆ?

ಉತ್ತರ: ನಿಜ, ಮೇಷ್ಟ್ರೇ. 1893ರಲ್ಲಿ ಜಪಾನಿನ ನಾಗಾಯ್ ನಾಗಾಯೋಶಿ, ಎಫೆಡ್ರಾ ಗಿಡದಲ್ಲಿರುವ ಎಫೆಡ್ರಿನ್‌ನಿಂದ ಇದನ್ನು ಮೊದಲು ತಯಾರಿಸಿದರು. 1919ರಲ್ಲಿ ಅಕಿರಾ ಒಗಾಟಾ ಹರಳಿನ ರೂಪ ಕೊಟ್ಟರು. 1938ರಲ್ಲಿ ಜರ್ಮನಿಯ ಟೆಮ್ಲರ್ ಕಂಪನಿ ‘ಪರ್ವಿಟಿನ್’ ಎಂಬ ಹೆಸರಿನಲ್ಲಿ ಮಾತ್ರೆ ಮಾಡಿ ಮಾರಿತು. 1940ರಲ್ಲಿ ಜರ್ಮನ್ ಸೇನೆ ಫ್ರಾನ್ಸ್ ಮೇಲೆ ನುಗ್ಗಿದ ಆ ಕೆಲವೇ ತಿಂಗಳಲ್ಲಿ ಸೈನಿಕರಿಗೆ ಹೋದ ಇಂಥ ಮಾತ್ರೆಗಳು ಸುಮಾರು 3.5 ಕೋಟಿ. ಹಾನಿ ಕಂಡ ಮೇಲೆ 1941ರಲ್ಲಿ ಅಲ್ಲಿನ ಸರ್ಕಾರವೇ ಅದರ ಮೇಲೆ ನಿರ್ಬಂಧ ಹಾಕಿತು.

ಜಪಾನಿನಲ್ಲಿ ಇದರ ಹೆಸರು ಫಿಲೋಪಾನ್. ಸೈನಿಕರಿಗೂ ಕೊಟ್ಟರು, ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವವರಿಗೂ ಕೊಟ್ಟರು. ಯುದ್ಧ ಮುಗಿದಾಗ ಉಳಿದಿದ್ದ ದಾಸ್ತಾನು ಹಸಿದ, ಮನೆ ಕಳೆದುಕೊಂಡ ಜನರ ನಡುವೆ ಪೇಟೆಗೆ ಬಂತು. ಅಲ್ಲಿ ಹುಟ್ಟಿದ ವ್ಯಸನವನ್ನು ತಡೆಯಲು 1951ರಲ್ಲಿ ಪ್ರತ್ಯೇಕ ಕಾನೂನೇ ಬೇಕಾಯಿತು. ಅಮೆರಿಕದಲ್ಲಿ ತೂಕ ಇಳಿಸಲು, ಬೇಸರ ಕಳೆಯಲು ಡಾಕ್ಟರುಗಳೇ ಇಂಥ ಮಾತ್ರೆ ಬರೆದುಕೊಟ್ಟರು. ನನ್ನ ವೃತ್ತಿಯವರ ಪಾಲೂ ಇದರಲ್ಲಿದೆ ಅನ್ನುವುದು ನನಗೆ ನೋವಿನ ಸಂಗತಿ. 1971ರ ವಿಶ್ವಸಂಸ್ಥೆ ಒಪ್ಪಂದದ ನಂತರವೇ ಹೆಚ್ಚಿನ ದೇಶಗಳು ಬಿಗಿ ಮಾಡಿದ್ದು.

ಹರಡಿದ್ದಕ್ಕೆ ದೊಡ್ಡ ಕಾರಣ ಒಂದಿದೆ. ಹೆರಾಯಿನ್‌ಗೆ ಗಸಗಸೆ ಹೊಲ ಬೇಕು, ಕೊಕೇನ್‌ಗೆ ಕೋಕಾ ಗಿಡ ಬೇಕು. ಮೆಥ್‌ಗೆ ಹೊಲವೂ ಬೇಡ, ಮಳೆಯೂ ಬೇಡ. ರಾಸಾಯನಿಕ ಸಿಕ್ಕರೆ ಒಂದು ಶೆಡ್ಡು ಸಾಕು. ಆಕಾಶದಿಂದ ನೋಡಿದರೆ ಬೆಳೆ ಕಾಣುವುದಿಲ್ಲ. ಒಂದು ಕಡೆ ಮುಚ್ಚಿಸಿದರೆ ಇನ್ನೊಂದು ಕಡೆ ಶುರು. ನೆಗಡಿ ಮಾತ್ರೆಯ ಸುಡೋಎಫೆಡ್ರಿನ್ ಮೆಥ್ ತಯಾರಿಸಲು ಕಳ್ಳದಾರಿ ಹಿಡಿಯುತ್ತಿದೆ ಎಂದು ಅಮೆರಿಕ 2006ರಲ್ಲಿ ಅದನ್ನು ಕೌಂಟರಿನ ಹಿಂದಕ್ಕೆ ಸರಿಸಿತು. ಮನೆಯೊಳಗಿನ ಸಣ್ಣ ತಯಾರಿಕೆ ಕಡಿಮೆಯಾಯಿತು. ಆದರೆ ಮೆಕ್ಸಿಕೋದ ದೊಡ್ಡ ಜಾಲಗಳು ಬೇರೆ ಕಚ್ಚಾವಸ್ತು ಹಿಡಿದು ಆ ಜಾಗ ತುಂಬಿದವು. ಅಫ್ಘಾನಿಸ್ತಾನದಲ್ಲಿ ಬೆಟ್ಟದಲ್ಲಿ ತಾನಾಗಿ ಬೆಳೆಯುವ ಎಫೆಡ್ರಾ ಗಿಡದಿಂದಲೇ ಮಾಡತೊಡಗಿದರು.

ರೂಪವೂ ಊರಿಗೆ ತಕ್ಕಂತೆ. ಚೆಕ್ ದೇಶದಲ್ಲಿ ಇಂದಿಗೂ ಪರ್ವಿಟಿನ್ ಎಂದೇ ಕರೆಯುತ್ತಾರೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ‘ಟಿಕ್’, ಇರಾನಿನಲ್ಲಿ ‘ಶೀಶೆ’, ನ್ಯೂಜಿಲೆಂಡಿನಲ್ಲಿ ಬರೀ ‘ಪಿ’. ಥಾಯ್ಲೆಂಡಿನಲ್ಲಿ ಲಾರಿ ಚಾಲಕರು, ಹೊಲದ ಕೂಲಿಗಳು ದಣಿವು ಮರೆಯಲು ಮಾತ್ರೆ ನುಂಗಿದರು. ಪಟ್ಟಣದ ಹಣವಂತರ ನಡುವೆ ಹರಳು ಬಂತು. ಯುವಕರು ದಾರಿ ತಪ್ಪಿದ್ದರಿಂದ ಇದು ಹರಡಿತು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಿದ್ದೆಗೆಟ್ಟು ದುಡಿಯಬೇಕಾದ ಮನುಷ್ಯ ಎಲ್ಲಿದ್ದಾನೋ ಅಲ್ಲಿಗೆ ಇದು ಮೊದಲು ಹೋಗಿದೆ.

ಈಗ ಏಷ್ಯಾದ ದೊಡ್ಡ ಮೂಲ ಮ್ಯಾನ್ಮಾರಿನ ಶಾನ್ ರಾಜ್ಯ. ಅಂತರ್ಯುದ್ಧ ನಡೆಯುವ ಕಡೆ ಪೊಲೀಸರು ಯಾರು, ಕಳ್ಳರು ಯಾರು? 2021ರ ಅಕ್ಟೋಬರಿನಲ್ಲಿ ಲಾವೋಸ್‌ನಲ್ಲಿ ಬಿಯರ್ ಕ್ರೇಟುಗಳ ಲಾರಿಯೊಂದನ್ನು ತಡೆದಾಗ 5.5 ಕೋಟಿಗೂ ಹೆಚ್ಚು ಮಾತ್ರೆ, 1.5 ಟನ್ ಹರಳು ಸಿಕ್ಕಿತು. 2023ರಲ್ಲಿ ಪೂರ್ವ ಮತ್ತು ಆಗ್ನೇಯ ಏಷ್ಯಾದಲ್ಲಿ ಹಿಡಿದ ಮೆಥ್ 190 ಟನ್. 2024ರ ನವೆಂಬರಿನಲ್ಲಿ ಅಂಡಮಾನ್ ಸಮುದ್ರದಲ್ಲಿ ಮ್ಯಾನ್ಮಾರಿನ ಒಂದೇ ದೋಣಿಯಿಂದ ಭಾರತದ ಕೋಸ್ಟ್ ಗಾರ್ಡ್ ಸುಮಾರು 5,500 ಕಿಲೋ ವಶಪಡಿಸಿಕೊಂಡಿತು. ಇದೆಲ್ಲ ಸಿಕ್ಕಿಬಿದ್ದದ್ದರ ಲೆಕ್ಕ ಮಾತ್ರ.

ಪ್ರಶ್ನೆ: ಮಗ ಐಸ್ ಬಿಟ್ಟು ಮೂರು ವಾರ ಆಯಿತು. ದಿನವಿಡೀ ಮಲಗುತ್ತಾನೆ, ಮಾತಿಲ್ಲ, ನಗುವಿಲ್ಲ. ಸೋಮಾರಿತನವೋ ಕಾಯಿಲೆಯೋ ತಿಳಿಯುತ್ತಿಲ್ಲ. ಬೈದು ಎಬ್ಬಿಸಲೇ?

ಉತ್ತರ: ಬೇಡ, ದಯವಿಟ್ಟು ಬೈಯಬೇಡಿ. ಇದು ಸೋಮಾರಿತನ ಅಲ್ಲ. ಖಾಲಿಯಾದ ಮಿದುಳು ಮತ್ತೆ ತುಂಬಿಕೊಳ್ಳುವ ಹೊತ್ತು. ಏನು ಮಾಡಿದರೂ ಖುಷಿಯಾಗದ ಈ ಸ್ಥಿತಿ ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಇರುತ್ತದೆ. 2001ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, 12ರಿಂದ 17 ತಿಂಗಳು ದೂರ ಉಳಿದವರ ಮಿದುಳಿನಲ್ಲಿ ಡೋಪಮೈನ್ ವ್ಯವಸ್ಥೆ ಗಣನೀಯವಾಗಿ ಚೇತರಿಸಿಕೊಂಡಿದ್ದು ಸ್ಕ್ಯಾನ್‌ನಲ್ಲಿ ಕಂಡಿತು. ನೆನಪು ಮತ್ತು ಚಲನೆಯ ಪರೀಕ್ಷೆಗಳಲ್ಲಿ ಅಷ್ಟು ಸುಧಾರಣೆ ಕಾಣಲಿಲ್ಲ. ಅಂದರೆ ಸಮಯ ಬೇಕು, ಆದರೆ ದಾರಿ ಇದೆ.

ಮೆಥ್ ಬಿಡಿಸಲೆಂದೇ ಒಪ್ಪಿಗೆ ಪಡೆದ ಮಾತ್ರೆ ಇನ್ನೂ ಬಂದಿಲ್ಲ. 2021ರಲ್ಲಿ ಬಂದ ದೊಡ್ಡ ಪ್ರಯೋಗವೊಂದರಲ್ಲಿ ನಾಲ್ಟ್ರೆಕ್ಸೋನ್ ಇಂಜೆಕ್ಷನ್, ಬುಪ್ರೊಪಿಯಾನ್ ಮಾತ್ರೆ ಎರಡನ್ನೂ ಪಡೆದವರಲ್ಲಿ 13.6% ಮಂದಿಗೆ ಪ್ರಯೋಜನವಾಯಿತು. ಹೋಲಿಕೆಗಾಗಿ ಮದ್ದಿಲ್ಲದ ಹುಸಿ ಔಷಧಿ (ಪ್ಲಸೀಬೊ) ಪಡೆದವರಲ್ಲಿ ಇದು 2.5%. ಸಣ್ಣ ಗೆಲುವು, ಆದರೂ ಗೆಲುವೇ. ಈಗ ಚಿಕಿತ್ಸೆಯ ಮುಖ್ಯ ಭಾಗ ಕ್ರಮಬದ್ಧ ಕೌನ್ಸೆಲಿಂಗ್. ಮೂತ್ರ ಪರೀಕ್ಷೆ ಸ್ವಚ್ಛವಾಗಿ ಬಂದಾಗಲೆಲ್ಲ ಸಣ್ಣ ಬಹುಮಾನ ಕೊಡುವ ವಿಧಾನಕ್ಕೂ ಒಳ್ಳೆಯ ಫಲಿತಾಂಶವಿದೆ. ಲಂಚ ಕೊಟ್ಟ ಹಾಗಾಯಿತಲ್ವಾ ಎಂದು ಕೆಲವು ಪೋಷಕರು ಬೇಸರಿಸುತ್ತಾರೆ. ಖುಷಿಯೇ ಸತ್ತಿರುವವನಿಗೆ ಒಂದು ಚಿಕ್ಕ ಖುಷಿ ಕೈಗೆ ಸಿಗುವುದು ಔಷಧಿಯೇ.

ನಿದ್ದೆ ಮಾಡಲು ಬಿಡಿ. ಎದ್ದಾಗ ಊಟ ಸಿದ್ಧವಿರಲಿ. ಸಂಜೆ ಹತ್ತು ನಿಮಿಷ ಜೊತೆಗೆ ನಡೆಯಿರಿ, ಬುದ್ಧಿ ಹೇಳದೆ ಸುಮ್ನೆ ನಡೆದರೂ ಸಾಕು. ಹಳೆಯ ಸಂಗಾತಿಗಳ ನಂಬರುಗಳನ್ನು ಅವನೇ ಫೋನಿನಿಂದ ತೆಗೆಯಲು ಒಪ್ಪಿಸಿ. ನಡುವೆ ಒಮ್ಮೆ ಜಾರಿದರೆ ಹೊರಗೆ ಹಾಕಬೇಡಿ, ಮನೋವೈದ್ಯರ ಬಳಿ ಮರುದಿನವೇ ಕರೆದುಕೊಂಡು ಹೋಗಿ. ಬಿಟ್ಟ ಮೊದಲ ವಾರಗಳಲ್ಲಿ ಸಾಯುವ ಯೋಚನೆ ಬರುವುದುಂಟು. ಹಾಗೆ ಅನ್ನಿಸುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ‘ಹೌದು’ ಅಂದರೆ ಒಂಟಿಯಾಗಿ ಬಿಡಬೇಡಿ, ಬೆಳಗಾಗಲಿ ಅಂತ ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಕರೆತನ್ನಿ.