ಮರಳಿ ಕರೆಯುವ ಭರವಸೆ ಕರಾರಿನಲ್ಲಿರಲಿ

ಸಂಡೂರಿನ ಗಣಿ ಕಚೇರಿಯೊಂದರಲ್ಲಿ ಕೆಲಸ ಮಾಡುವ ಓದುಗರ ಪತ್ರ: ‘ನಷ್ಟದ ಕಾಲದಲ್ಲಿ ವಿಮಾನ ಕಂಪನಿಗಳು ಪೈಲಟ್‌ಗಳನ್ನು ಸಂಬಳವಿಲ್ಲದೆ ಮನೆಗೆ ಕಳುಹಿಸುವುದರ ಬಗ್ಗೆ ಎರಡು ಪುಟ ಬರೆದಿದ್ದೀರಿ. ಲಕ್ಷಗಟ್ಟಲೆ ಎಣಿಸಿದವರ ಕಷ್ಟ ಬಳ್ಳಾರಿಯ ಪತ್ರಿಕೆಗೇಕೆ?’

ಸಂಪಾದಕರ ಉತ್ತರ: ತಮ್ಮ ನೇರ ಮಾತು ನನಗೆ ಇಷ್ಟವಾಯಿತು. 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗೆ ಪ್ರಯಾಣಿಕ ವಿಮಾನಗಳೇ ಹಾರಲಿಲ್ಲ. ಅಂಥ ಹೊತ್ತಿನಲ್ಲಿ ಕಂಪನಿ ಎಲ್ಲರಿಗೂ ಪೂರ್ತಿ ಸಂಬಳ ಕೊಡಲಾರದು ಎಂಬುದನ್ನು ಒಪ್ಪುತ್ತೇನೆ. ಆದರೆ ಸಂಬಳದ ಮೊತ್ತ ನೋಡಿ ಅನುಕಂಪ ಅಳೆಯುವುದು ತಮ್ಮಂಥ ತಿಳಿದವರಿಗೆ ಒಪ್ಪುವುದಿಲ್ಲ.

ಅಮೆರಿಕದ ದೊಡ್ಡ ವಿಮಾನ ಕಂಪನಿಗಳಲ್ಲಿ ಫರ್ಲೋ ಆಗುವ, ಅಂದರೆ ಸಂಬಳವಿಲ್ಲದೆ ತಾತ್ಕಾಲಿಕವಾಗಿ ಮನೆಗೆ ಹೋಗುವ ಪೈಲಟ್ ಸೇವಾ ಹಿರಿತನದ ಪಟ್ಟಿಯಿಂದ ಹೊರಬೀಳುವುದಿಲ್ಲ. ಕೊನೆಗೆ ಸೇರಿದವರು ಮೊದಲು ಮನೆಗೆ ಹೋಗುತ್ತಾರೆ, ವ್ಯವಹಾರ ಚೇತರಿಸಿದಾಗ ಅದೇ ಪಟ್ಟಿಯ ಪ್ರಕಾರ ಕಂಪನಿ ಅವರನ್ನು ಮರಳಿ ಕರೆಯಬೇಕು. 2001ರ ಸೆಪ್ಟೆಂಬರ್ ದಾಳಿಯ ನಂತರ ಮನೆಗೆ ಹೋದ ಸಾವಿರಾರು ಪೈಲಟ್‌ಗಳಲ್ಲಿ ಎಷ್ಟೋ ಮಂದಿ ವರ್ಷಗಟ್ಟಲೆ ಕಾದರು, ಆದರೆ ಕಾಯುವುದಕ್ಕೆ ಅವರಿಗೊಂದು ಆಧಾರವಿತ್ತು. 2020ರಲ್ಲಿ ಯುನೈಟೆಡ್ ಕಂಪನಿಯ ಪೈಲಟ್‌ಗಳು ತಮ್ಮ ಹಾರಾಟದ ಗಂಟೆಗಳನ್ನು ಹಂಚಿಕೊಂಡು ಸುಮಾರು 2,850 ಸಹೋದ್ಯೋಗಿಗಳನ್ನು ಉಳಿಸಿಕೊಂಡರು. ಅದೇ ವರ್ಷ ನಮ್ಮ ಏರ್ ಇಂಡಿಯಾ ತಂದ ವೇತನರಹಿತ ರಜೆಯ ಯೋಜನೆಯಲ್ಲಿ ರಜೆ ಆರು ತಿಂಗಳಿಂದ ಎರಡು ವರ್ಷ, ವಿಸ್ತರಿಸಿದರೆ ಐದು ವರ್ಷ. ಯಾರನ್ನು ಕಡ್ಡಾಯವಾಗಿ ಕಳುಹಿಸಬೇಕೆಂಬುದಕ್ಕೆ ದಕ್ಷತೆ, ಆರೋಗ್ಯ ಮುಂತಾದ ಅಳತೆಗೋಲುಗಳಿದ್ದವು, ಅಂದರೆ ತೀರ್ಮಾನ ಆಡಳಿತದವರ ಕೈಯಲ್ಲಿತ್ತು. ಮನೆಯಲ್ಲಿ ಕುಳಿತ ಪೈಲಟ್ ಕಳೆದುಕೊಳ್ಳುವುದು ಸಂಬಳವೊಂದನ್ನೇ ಅಲ್ಲ; ತೊಂಬತ್ತು ದಿನಗಳಲ್ಲಿ ಮೂರು ಬಾರಿ ವಿಮಾನ ಏರಿಸಿ ಇಳಿಸದಿದ್ದರೆ ಪ್ರಯಾಣಿಕರನ್ನು ಕರೆದೊಯ್ಯುವ ಅರ್ಹತೆಯೂ ತಪ್ಪುತ್ತದೆ.

ಇದು ಬಳ್ಳಾರಿಗೆ ಹೊರಗಿನ ಸಂಗತಿಯೇ? 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ನಮ್ಮ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಅಕ್ರಮಕ್ಕೆ ಕಡಿವಾಣ ಬೇಕೇ ಇತ್ತು. ಆದರೆ ಲಾರಿ ಚಾಲಕರು, ಕ್ಲೀನರ್‌ಗಳು, ಅದಿರು ತುಂಬುವವರು ಯಾವ ಭರವಸೆಯೂ ಇಲ್ಲದೆ ಊರು ಸೇರಿದರು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಲೇ-ಆಫ್ ಆದವರಿಗೆ (ಕೆಲಸವಿಲ್ಲವೆಂದು ತಾತ್ಕಾಲಿಕವಾಗಿ ಮನೆಗೆ ಕಳುಹಿಸಿದವರಿಗೆ) ಅರ್ಧ ವೇತನವೂ ಕೆಲಸ ಕಳೆದುಕೊಂಡವರಿಗೆ ಮರುನೇಮಕದಲ್ಲಿ ಆದ್ಯತೆಯೂ ಇದ್ದವು. ಕಂಪನಿಯ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಗುತ್ತಿಗೆಯವರಿಗೆ ಅವು ಕಾಗದದಲ್ಲೇ ಉಳಿದವು. ‘ಗಣಿ ಚಾಲೂ ಆತು ಸರ್, ನನ್ನ ಯಾರೂ ಕರೀಲಿಲ್ಲ’ ಎಂದು ಹೊಸಪೇಟೆಯ ಚಾಲಕರೊಬ್ಬರು ನನ್ನೆದುರು ಹೇಳಿದ್ದರು. ಪೈಲಟ್‌ಗಳ ಸಂಘ ಹೋರಾಡಿ ಪಡೆದ ಹಕ್ಕನ್ನು ಲಾರಿ ಚಾಲಕರಿಗೂ ಕೇಳಬೇಕೆಂದೇ ಆ ಎರಡು ಪುಟಗಳನ್ನು ಬರೆದೆ.

ಕೆಲಸ ನಿಂತರೆ ಇವರನ್ನೇ ಮರಳಿ ಕರೆಯುತ್ತೇವೆಂದು ತಮ್ಮ ಕಚೇರಿಯ ಯಾವುದಾದರೂ ಗುತ್ತಿಗೆ ಕರಾರಿನಲ್ಲಿ ಬರೆದಿದ್ದರೆ ಅದರ ಪ್ರತಿ ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇನೆ.